ಮರದ ನೆಲ, ಮೆರುಗೆಣ್ಣೆ ಮತ್ತು ಮನೆಯವರ ಆರೋಗ್ಯ

ಮನೆಯ ಅಂಗಗಳಲ್ಲೆಲ್ಲ ಮನುಷ್ಯನ ಮೈಗೆ ಅತ್ಯಂತ ಹತ್ತಿರವಾದುದು ನೆಲ. ಗೋಡೆಯನ್ನು ನೋಡಿ ಸಂತೋಷಪಡುವುದುಂಟು, ಚಾವಣಿಯ ಆಸರೆಯಲ್ಲಿ ಬಾಳುವುದುಂಟು. ನೆಲದ ಮೇಲಾದರೋ ಬರಿಗಾಲಿನಲ್ಲಿ ನಡೆದಾಡುವುದು, ಚಾಪೆ ಹಾಸಿ ಕುಳಿತುಕೊಳ್ಳುವುದು, ಬೇಸಿಗೆಯ ಮಧ್ಯಾಹ್ನ ಅಂಗಾತ ಮಲಗುವುದು. ಅಂಬೆಗಾಲಿಡುವ ಮಗುವಿಗಂತೂ ನೆಲವೇ ಲೋಕ. ಅಂಗೈ ನೆಲಕ್ಕೆ, ಅದೇ ಅಂಗೈ ಬಾಯಿಗೆ. ಹೀಗಿರುವಾಗ ನೆಲಕ್ಕೆ ಏನನ್ನು ಬಳಿಯಬೇಕೆಂಬುದು ಅಲಂಕಾರದ ಪ್ರಶ್ನೆ ಮಾತ್ರವಲ್ಲ, ಆರೋಗ್ಯದ ಪ್ರಶ್ನೆಯೂ ಹೌದು.

ಪುಣೆ ನಗರದ ಈಶಾನ್ಯಕ್ಕೆ, ಲೋಹಗಾಂವ್ ವಿಮಾನ ನಿಲ್ದಾಣದ ಮಗ್ಗುಲಿನಲ್ಲಿ ಬೆಳೆದಿರುವ ವಿಮಾನ ನಗರದ ಬಹುಮಹಡಿ ವಸತಿಗಳಲ್ಲಿ ನೆಲವೆಂದರೆ ಹೆಚ್ಚಾಗಿ ಟೈಲ್ಸೇ. ಆದರೂ ಮಲಗುವ ಕೋಣೆಯೊಂದಕ್ಕಾದರೂ ಮರದ ನೆಲ ಹಾಕಿಸಬೇಕೆಂಬ ಆಸೆ ಹಲವರದು. ಮಲೆನಾಡಿನಿಂದಲೋ ಕರಾವಳಿಯಿಂದಲೋ ಉದ್ಯೋಗವನ್ನರಸಿ ಬಂದು ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಈ ಆಸೆಗೆ ಹಳೆಯ ನೆನಪಿನ ಬೇರೂ ಉಂಟು. ಅಜ್ಜನ ಮನೆಯ ಉಪ್ಪರಿಗೆ, ಅದರ ದಪ್ಪ ಹಲಗೆಗಳ ಹಾಸು, ನಡೆದಾಗ ಕೆಳಗಿನ ಕೋಣೆಗೆ ಕೇಳುತ್ತಿದ್ದ ಹೆಜ್ಜೆಯ ಸಪ್ಪಳ! ಆ ಉಪ್ಪರಿಗೆಗೆ ಪಾಲಿಶ್ ಹಾಕಿಸಿದವರು ವಿರಳ. ತಲೆಮಾರುಗಳ ಬರಿಗಾಲೇ ಅದನ್ನು ನುಣುಪಾಗಿಸಿತ್ತು. ಪುಣೆಗೂ ಮರದ ಮನೆ ಹೊಸದೇನಲ್ಲ. 1807ರ ವಿಶ್ರಾಮಬಾಗ್ ವಾಡೆಯ ಕೆತ್ತನೆಯ ಮುಂಭಾಗವನ್ನು ಕಂಡವರಿಗೆ ಪೇಶ್ವೆಯರ ಕಾಲದ ಬಡಗಿಗಳ ಕೈಚಳಕ ತಿಳಿದೇ ಇದೆ.

ಇಂದಿನ ಫ್ಲ್ಯಾಟಿನ ಮರದ ನೆಲಕ್ಕೆ ಆ ಭಾಗ್ಯವಿಲ್ಲ. ಎಂಟು ಹತ್ತು ವರ್ಷ ಕಳೆಯುವಷ್ಟರಲ್ಲಿ ಬಾಗಿಲ ಬಳಿ ಮೆರುಗು ಮಾಸುತ್ತದೆ, ಕುರ್ಚಿ ಎಳೆದಲ್ಲಿ ಗೀರು ಬೀಳುತ್ತದೆ, ಕಿಟಕಿಯ ಕೆಳಗೆ ಮಳೆಯ ಎರಚಲು ತಾಗಿದ ಹಲಗೆ ಕಪ್ಪಗಾಗುತ್ತದೆ. ಆಗ ಮನೆಯ ಯಜಮಾನರು ಬಣ್ಣದ ಅಂಗಡಿಗೆ ಹೋಗುತ್ತಾರೆ, ಇಲ್ಲವೆ ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ಟಿನ ಕಡೆಯ ಪಾಲಿಶ್ ಕೆಲಸದವರನ್ನು ಕರೆಸುತ್ತಾರೆ. ಅಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ಮೆಲಮೈನ್ ಬೇಕೋ, ಪಿ.ಯು. ಬೇಕೋ? ಹೊಳಪೆಷ್ಟು, ಬಾಳಿಕೆಯೆಷ್ಟು, ಚದರಡಿಗೆಷ್ಟು ಎಂಬ ವಿಚಾರಣೆಯೂ ನಡೆಯುತ್ತದೆ. ಅದು ಒಣಗುವಷ್ಟು ದಿನ ಮನೆಯಲ್ಲಿ ಯಾರು ಯಾರು ಇರುತ್ತಾರೆ ಎಂದು ಕೇಳುವವರು ಮಾತ್ರ ಅಪರೂಪ.

ಕೇಳಬೇಕಾದ ಮೊದಲ ಪ್ರಶ್ನೆ ಇದೇ. ಏಕೆಂದರೆ ಯಾವ ಲೇಪಕ್ಕಾದರೂ ಎರಡು ಅವಸ್ಥೆಗಳಿವೆ: ಡಬ್ಬದಿಂದ ಹೊರಬಂದು ಹಸಿಯಾಗಿರುವಾಗಿನದು ಒಂದು, ಪೂರ್ತಿ ಗಟ್ಟಿಯಾದ ಮೇಲಿನದು ಇನ್ನೊಂದು. ಗಟ್ಟಿಯಾದ ಮೇಲೆ ಬಹುತೇಕ ಲೇಪಗಳು ನಿರುಪದ್ರವಿಗಳು. ಅಪಾಯವಿರುವುದು ಹಸಿಯಾಗಿರುವ ದಿನಗಳಲ್ಲಿ. ಅಂಗಡಿಯ ಮಾತೆಲ್ಲ ಎರಡನೆಯ ಅವಸ್ಥೆಯನ್ನು ಕುರಿತದ್ದು. ದಮ್ಮಿನ ತೊಂದರೆಯುಳ್ಳವರು, ಗರ್ಭಿಣಿಯರು, ಹಸುಗೂಸುಗಳು ಇರುವ ಮನೆಯವರು ವಿಚಾರಿಸಬೇಕಾದದ್ದು ಮೊದಲನೆಯದನ್ನು.

ಲೇಪದ ಆಯ್ಕೆಗೂ ಮುನ್ನ, ಕಾಲಡಿಯಲ್ಲಿರುವುದು ನಿಜವಾಗಿಯೂ ಮರವೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇದು ಹಾಸ್ಯದ ಮಾತಲ್ಲ. ಮರದ ನೆಲವೆಂಬ ಹೆಸರಿನಲ್ಲಿ ಮೂರು ಬೇರೆಬೇರೆ ವಸ್ತುಗಳು ಮಾರಾಟವಾಗುತ್ತವೆ. ಮೊದಲನೆಯದು ಇಡೀ ಹಲಗೆ. ಎರಡನೆಯದು ಎಂಜಿನಿಯರ್ಡ್ ವುಡ್ ಎಂದು ಕರೆಯುವಂಥದು. ಪ್ಲೈವುಡ್ಡಿನಂತಹ ತಳದ ಮೇಲೆ ನಿಜವಾದ ಮರದ ತೆಳುಪದರವನ್ನು ಅಂಟಿಸಿರುತ್ತಾರೆ. ಮೂರನೆಯದು ಲ್ಯಾಮಿನೇಟ್, ಒತ್ತಿ ಗಟ್ಟಿಮಾಡಿದ ಮರದ ನಾರಿನ ಹಲಗೆಯ ಮೇಲೆ ಮರದ ಚಿತ್ರವನ್ನು ಮುದ್ರಿಸಿದ ಕಾಗದ, ಅದರ ಮೇಲೊಂದು ಗಟ್ಟಿ ರಾಳದ ಹೊದಿಕೆ. ಹೊಸ್ತಿಲ ಬಳಿಯ ಪಟ್ಟಿಯನ್ನು ಎಬ್ಬಿಸಿ ಹಲಗೆಯ ಅಂಚನ್ನು ನೋಡಿದರೆ ಗುಟ್ಟು ಬಯಲಾಗುತ್ತದೆ. ಕೋಣೆಯಲ್ಲಿ ಒಂದೇ ಆಕಾರದ ಗಂಟು ಹತ್ತು ಕಡೆ ಕಾಣಿಸಿದರೂ ಅದು ಲ್ಯಾಮಿನೇಟೆಂದು ತಿಳಿಯಬಹುದು. ಯಾವ ಮರವೂ ತನ್ನ ಗಂಟನ್ನು ನಕಲು ಮಾಡುವುದಿಲ್ಲ. ಲ್ಯಾಮಿನೇಟಿಗೆ ಯಾವ ಲೇಪವೂ ನೆಲೆನಿಲ್ಲದು, ಉಜ್ಜಿದರೆ ಚಿತ್ರವೇ ಅಳಿಸಿಹೋಗುತ್ತದೆ. ಅಂಥವರು ಹಣವನ್ನು ಉಳಿಸಿಕೊಂಡು ನೆಮ್ಮದಿಯಾಗಿರಬಹುದು. ಎಂಜಿನಿಯರ್ಡ್ ನೆಲದಲ್ಲಿ ಮೇಲಿನ ಪದರ ಮೂರು ನಾಲ್ಕು ಮಿಲಿಮೀಟರ್ ಇದ್ದರೆ ಒಂದೆರಡು ಬಾರಿ ಯಂತ್ರದಿಂದ ಉಜ್ಜಿಸಿ ಹೊಸ ಲೇಪ ಕೊಡಬಹುದು. ಒಂದು ಮಿಲಿಮೀಟರಿಗಿಂತಲೂ ತೆಳುವಾಗಿದ್ದರೆ ಯಂತ್ರವನ್ನು ಒಳಗೆ ಬಿಡಲೇಬಾರದು.

ಮರವೆಂದು ನಿಶ್ಚಯವಾದ ಮೇಲೆ, ಲೇಪ ಮಾಡುವ ಕೆಲಸವೇನೆಂದು ನೋಡೋಣ. ಮರ ಕಡಿದು ಹಲಗೆಯಾದ ಮೇಲೂ ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಪುಣೆಯ ಹವೆ ಇದಕ್ಕೆ ದೊಡ್ಡ ಪರೀಕ್ಷೆ. ಮಾರ್ಚಿನಿಂದ ಮೇವರೆಗಿನ ಮಧ್ಯಾಹ್ನಗಳಲ್ಲಿ ಗಾಳಿಯ ತೇವಾಂಶ ಶೇಕಡಾ 20-30ರ ಆಸುಪಾಸಿಗೆ ಇಳಿದರೆ, ಜುಲೈ-ಆಗಸ್ಟಿನಲ್ಲಿ ಶೇಕಡಾ 80ನ್ನು ದಾಟುತ್ತದೆ. 100 ಮಿಲಿಮೀಟರ್ ಅಗಲದ ತೇಗದ ಹಲಗೆ ಈ ಎರಡು ಋತುಗಳ ನಡುವೆ ಸುಮಾರು ಒಂದು ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗಬಲ್ಲದು. ಏಪ್ರಿಲಿನಲ್ಲಿ ಹಲಗೆಗಳ ನಡುವೆ ಸಂದು ಕಾಣಿಸಿಕೊಂಡು ಆಷಾಢದಲ್ಲಿ ಮುಚ್ಚಿಹೋಗುವುದು ಇದರಿಂದಲೇ. ಲೇಪ ಈ ಏರಿಳಿತವನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸಲಾರದು. ಚೆಲ್ಲಿದ ನೀರು, ಎಣ್ಣೆ, ಅರಿಸಿನದ ಕಲೆ ಒಳಗಿಳಿಯದಂತೆ ತಡೆಯುವುದೂ, ಕಾಲಿನ ಸವೆತವನ್ನು ಮರದ ಬದಲು ತಾನು ಹೊರುವುದೂ ಅದರ ಉಳಿದ ಕೆಲಸಗಳು.

ಲೇಪಗಳಲ್ಲಿ ಬಹಳ ಹಳೆಯದೂ, ನಮ್ಮ ದೇಶದ್ದೇ ಆದದ್ದೂ ಅರಗು. ಮರಗಳ ಎಳೆಯ ಕೊಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ರಾಳವಿದು. ಚನ್ನಪಟ್ಟಣದ ಗೊಂಬೆಗಳ ಹೊಳಪು ಇದರದೇ. ತಿರುಗುವ ಗೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಾಟದ ಬಿಸಿಗೆ ಅದು ಕರಗಿ ಹಿಡಿದ ಮೇಲೆ ಗರಿಯಿಂದ ತಿಕ್ಕಿ ಮಿನುಗಿಸುತ್ತಾರೆ. 1924ರಲ್ಲಿ ರಾಂಚಿಯ ಬಳಿಯ ನಾಮ್‌ಕುಮ್‌ನಲ್ಲಿ ಅರಗಿನ ಸಂಶೋಧನೆಗೆಂದೇ ಒಂದು ಸಂಸ್ಥೆ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಸ್ಥಾಪನೆಯಾದ ಕಾರ್ಖಾನೆಯ ಹೆಸರೇ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. 1962ರ ಮಹಾಚುನಾವಣೆಯಿಂದೀಚೆಗೆ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯಿಂದ ಅದು ಪ್ರಸಿದ್ಧವಾಯಿತು. ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಇಂದಿನ ಹೆಸರಿನಲ್ಲಿ ಅರಗು ಮರೆಯಾಗಿದೆಯಾದರೂ ಮೂಲದಲ್ಲಿ ಅದು ಅರಗಿನ ಮನೆಯೇ.

ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಹಚ್ಚುವುದೇ ಫ್ರೆಂಚ್ ಪಾಲಿಶ್. ಆರೋಗ್ಯದ ದೃಷ್ಟಿಯಿಂದ, ಒಣಗಿದ ಅರಗಿನಷ್ಟು ಸಾಧುವಾದ ಲೇಪ ಇನ್ನೊಂದಿಲ್ಲ. ಔಷಧದ ಗುಳಿಗೆಗಳ ಹೊದಿಕೆಗೂ ಅದನ್ನು ಬಳಸುತ್ತಾರೆ. ಸ್ಪಿರಿಟ್ಟಿನ ಆವಿ ತಲೆನೋವು ತರಿಸುತ್ತದೆಯಾದರೂ ಬೇಗನೆ ಹಾರಿಹೋಗುತ್ತದೆ. ಆದರೆ ನೆಲಕ್ಕೆ ಅರಗು ಸಾಲದು. ಸುಮಾರು 75-80 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದು ಕರಗತೊಡಗುತ್ತದೆ. ಬಿಸಿ ಕಾಫಿಯ ಲೋಟ ಇಟ್ಟಲ್ಲಿ ಬಿಳಿಯ ಉಂಗುರ ಮೂಡುತ್ತದೆ. ನಿಂತ ನೀರಿಗೂ ಅಷ್ಟೆ. ದೇವರ ಮಂಟಪಕ್ಕೆ, ತೊಟ್ಟಿಲಿಗೆ, ಗೋಡೆಯ ಮೇಲಿನ ಮರಗೆಲಸಕ್ಕೆ ಅದನ್ನು ಮೀಸಲಿಡುವುದು ಲೇಸು.

ಅಗಸೆ ಎಣ್ಣೆಯದು ಇನ್ನೊಂದು ಪರಂಪರೆ. ಇದು ಹಲಗೆಯ ಮೇಲೆ ಕೂರುವುದಿಲ್ಲ, ಒಳಗಿಳಿಯುತ್ತದೆ. ಕಾಯಿಸದ ಎಣ್ಣೆ ಒಣಗಲು ವಾರಗಳೇ ಬೇಕು. ಆದ್ದರಿಂದ ಬೇಗ ಒಣಗಿಸುವ ಲೋಹದ ಲವಣಗಳನ್ನು ಸೇರಿಸಿ ಮಾರುತ್ತಾರೆ. ಟೀಕ್ ಆಯಿಲ್ ಎಂದು ಡಬ್ಬದ ಮೇಲೆ ಬರೆದಿರುವುದೂ ತೇಗದಿಂದ ತೆಗೆದ ಎಣ್ಣೆಯಲ್ಲ, ಸಾಮಾನ್ಯವಾಗಿ ಇಂಥದೇ ಎಣ್ಣೆಗಳ ಮಿಶ್ರಣ. ಕರಾವಳಿಯವರು ಗೆದ್ದಲಿಗೆ ಹೆದರಿ ಮರಮುಟ್ಟುಗಳಿಗೆ ಬಳಿಯುತ್ತಿದ್ದ ಗೇರುಬೀಜದ ಸಿಪ್ಪೆಯ ಎಣ್ಣೆ ತೊಲೆ ಜಂತೆಗಳಿಗೆ ಸರಿ. ಚರ್ಮಕ್ಕೆ ತಾಗಿದರೆ ಗುಳ್ಳೆಯೇಳುವ ಆ ಎಣ್ಣೆಯನ್ನು ಬರಿಗಾಲಿನ ನೆಲಕ್ಕೆ ತರಬಾರದು.

ಒಣಗುವ ಎಣ್ಣೆಗಳ ಒಂದು ಗುಣವನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಇವು ನೀರಿನಂತೆ ಆರಿ ಒಣಗುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತವೆ. ಹೀಗೆ ಕೂಡುವಾಗ ಶಾಖ ಹುಟ್ಟುತ್ತದೆ. ನೆಲದ ಮೇಲೆ ತೆಳುವಾಗಿ ಹರಡಿದಾಗ ಆ ಶಾಖ ಗಾಳಿಗೆ ಹೋಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಶಾಖ ಒಳಗೇ ಕೂಡಿಕೊಂಡು, ಕಡ್ಡಿ ಗೀರದೆಯೇ, ಕೆಲವು ಗಂಟೆಗಳಲ್ಲಿ ಬೆಂಕಿ ಹೊತ್ತಿಕೊಳ್ಳಬಹುದು. 1991ರ ಫೆಬ್ರವರಿ 23ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಅಂತಸ್ತಿನ ಒಂದು ಕಟ್ಟಡ ಹೊತ್ತಿ ಉರಿದು ಮೂವರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡರು. ಮರದ ಹಲಗೆಗಳಿಗೆ ಮೆರುಗು ಕೊಟ್ಟವರು 22ನೆಯ ಅಂತಸ್ತಿನಲ್ಲಿ ಬಿಟ್ಟುಹೋಗಿದ್ದ ಅಗಸೆ ಎಣ್ಣೆಯ ಬಟ್ಟೆಗಳೇ ಅದಕ್ಕೆ ಮೂಲ. ಮರದ ಅರಮನೆಗಳನ್ನು ಬೆಂಕಿಗೆ ಕಳೆದುಕೊಂಡ ದುಃಖ ಪುಣೆಗೂ ಮೈಸೂರಿಗೂ ಸಮಾನವಾದುದು: ಶನಿವಾರವಾಡೆ ಉರಿದದ್ದು 1828ರಲ್ಲಿ, ಮೈಸೂರಿನ ಹಳೆಯ ಅರಮನೆ 1897ರಲ್ಲಿ. ಎಣ್ಣೆಬಟ್ಟೆಯನ್ನು ಒಂದೊಂದಾಗಿ ಬಿಡಿಸಿ ಬಯಲಿನಲ್ಲಿ ಹರವಿ ಒಣಗಿಸಬೇಕು, ಇಲ್ಲವೆ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಳ ಹಾಕಬೇಕು. ಲಿಫ್ಟಿನ ಪಕ್ಕದ ಕಸದ ಬುಟ್ಟಿಗೆ ಹಾಕಿ ಕೈತೊಳೆದುಕೊಳ್ಳುವುದು ಇಡೀ ಕಟ್ಟಡವನ್ನೇ ಅಪಾಯಕ್ಕೊಡ್ಡಿದಂತೆ.

ಈಗ ಅಂಗಡಿಯವರ ಮೆಲಮೈನಿಗೆ ಬರೋಣ. ಬೀರು, ಮಂಚ, ಬಾಗಿಲುಗಳಿಗೆ ಇಂದು ಬಹಳವಾಗಿ ಬಳಕೆಯಲ್ಲಿರುವ ಪಾಲಿಶ್ ಇದು. ಬೆಲೆ ಹಿತ, ಹೊಳಪು ಚೆನ್ನ, ಬೇಗನೆ ಒಣಗುತ್ತದೆ. ಆಮ್ಲದ ನೆರವಿನಿಂದ ಗಟ್ಟಿಯಾಗುವ ಈ ರಾಳ ಗಟ್ಟಿಯಾಗುತ್ತಿರುವಾಗ ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ಬಿಡುತ್ತದೆ. ಆಮೇಲೂ ಕೆಲವು ವಾರ ಸ್ವಲ್ಪಸ್ವಲ್ಪವಾಗಿ ಬಿಡುತ್ತಿರುತ್ತದೆ. ಕಣ್ಣುರಿ, ಗಂಟಲುಕೆರೆತ, ಒಣಕೆಮ್ಮು ಇದರ ಪರಿಚಿತ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಮನೆಯೊಳಗಿನ ಗಾಳಿಯಲ್ಲಿ ಒಂದು ಘನಮೀಟರಿಗೆ 0.1 ಮಿಲಿಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಮಿತಿ ಹೇಳಿತು. ಒಂದು ಮೇಜಿಗೆ ಬಳಿಯುವುದು ಬೇರೆ, ಮಲಗುವ ಕೋಣೆಯ ಇಡೀ ನೆಲಕ್ಕೆ ಬಳಿಯುವುದು ಬೇರೆ. ಸಾಲದೆಂಬಂತೆ, ಮೆಲಮೈನಿನ ಪೊರೆ ಗಡುಸಾದರೂ ಪೆಡಸು. ಹಲಗೆ ಹಿಗ್ಗಿ ಕುಗ್ಗುವಲ್ಲಿ ಬಿರುಕು ಬಿಡಬಹುದು. ಎರಡು ಕಾರಣಗಳಿಂದಲೂ ಇದು ನೆಲಕ್ಕೆ ತಕ್ಕುದಲ್ಲ. ನೈಟ್ರೊಸೆಲ್ಯುಲೋಸಿನ ಲ್ಯಾಕರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೆಂಕಿಗೆ ಬಹು ಬೇಗ ತುತ್ತಾಗುವ, ನೆಲದ ಸವೆತವನ್ನು ತಾಳದ ವಸ್ತು ಅದು.

ಪಿ.ಯು. ಎಂದರೆ ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ಆಟೊ ಬೇಯರ್ ಎಂಬ ರಸಾಯನಶಾಸ್ತ್ರಜ್ಞ ಮತ್ತು ಅವನ ಸಂಗಡಿಗರು ಕಂಡುಹಿಡಿದ ವಸ್ತುವಿದು. ಸವೆತಕ್ಕೆ, ನೀರಿಗೆ, ಎಣ್ಣೆಗೆ ಇದರಷ್ಟು ಜಗ್ಗದೆ ನಿಲ್ಲುವ ಲೇಪ ಕಡಿಮೆ. ಎರಡು ಡಬ್ಬಗಳಲ್ಲಿ ಬಂದು, ಬಳಿಯುವ ಮುನ್ನ ಬೆರೆಸಬೇಕಾದ ಬಗೆಯೇ ಇವುಗಳಲ್ಲಿ ಅತಿ ಗಟ್ಟಿ. ಎರಡನೆಯ ಡಬ್ಬದಲ್ಲಿರುವ ಹಾರ್ಡ್‌ನರ್ ಐಸೊಸಯನೇಟ್ ಜಾತಿಯದು. ಈ ಹೆಸರು ಕೇಳಿದೊಡನೆ 1984ರ ಡಿಸೆಂಬರಿನ ಭೋಪಾಲ್ ನೆನಪಾಗುವುದು ಸಹಜ. ಅಲ್ಲಿ ಸೋರಿದ್ದು ಮೀಥೈಲ್ ಐಸೊಸಯನೇಟ್. ಅದು ಸಾಮಾನ್ಯ ಶಾಖದಲ್ಲೇ ಸಲೀಸಾಗಿ ಆವಿಯಾಗುವ ಘೋರ ವಿಷ. ಪಾಲಿಶ್ ಡಬ್ಬದ್ದು ಅದೇ ಕುಲದ್ದಾದರೂ ಭಾರವಾದ ಅಣುಗಳದು, ಅಷ್ಟು ಸುಲಭವಾಗಿ ಹಾರದು. ಎರಡನ್ನೂ ಒಂದೆಂದು ಭಾವಿಸಿ ದಿಗಿಲುಪಡಬೇಕಾಗಿಲ್ಲ. ಹಾಗೆಂದು ನಿರ್ಲಕ್ಷಿಸುವಂತೆಯೂ ಇಲ್ಲ. ಕೆಲಸದ ಸ್ಥಳದಲ್ಲಿ ಹತ್ತುವ ಉಬ್ಬಸಕ್ಕೆ ಜಗತ್ತಿನಾದ್ಯಂತ ಇರುವ ಪ್ರಮುಖ ಕಾರಣಗಳಲ್ಲಿ ಐಸೊಸಯನೇಟ್ ಒಂದು. ಒಮ್ಮೆ ದೇಹ ಅದಕ್ಕೆ ಪ್ರತಿಕೂಲವಾಗಿ ಸೂಕ್ಷ್ಮಗೊಂಡಿತೆಂದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸವನ್ನು ಕೆರಳಿಸಬಲ್ಲದು. ಬ್ರಷ್ಷಿನಿಂದ ಬಳಿಯುವುದಕ್ಕಿಂತ ಗನ್ನಿನಿಂದ ಸಿಂಪಡಿಸುವಾಗ ಅಪಾಯ ಬಹುಪಾಲು ಹೆಚ್ಚು, ಏಕೆಂದರೆ ಹಾರದ ವಸ್ತುವೂ ಆಗ ಮಂಜಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ.

ಯೂರೋಪಿನ ಒಕ್ಕೂಟದಲ್ಲಿ 2023ರ ಆಗಸ್ಟಿನಿಂದ, ಇಂಥ ವಸ್ತು ಶೇಕಡಾ 0.1ಕ್ಕಿಂತ ಹೆಚ್ಚಿರುವ ಲೇಪಗಳನ್ನು ವೃತ್ತಿಯಾಗಿ ಬಳಸುವವರಿಗೆ ತರಬೇತಿ ಕಡ್ಡಾಯವಾಗಿದೆ. ಇಲ್ಲಿ ಪಾಲಿಶ್ ಕೆಲಸದ ಹುಡುಗ ಮೂಗಿಗೊಂದು ಕರವಸ್ತ್ರ ಸುತ್ತಿಕೊಂಡು ಮುಚ್ಚಿದ ಕೋಣೆಯಲ್ಲಿ ದಿನವಿಡೀ ಬಳಿಯುತ್ತಾನೆ. ಮನೆಯವರು ಸಂಜೆಗೆ ಬೇರೆಡೆಗೆ ಹೋಗಬಹುದು. ಅವನು ಮರುದಿನ ಇನ್ನೊಂದು ಮನೆಗೆ ಅದೇ ಕೆಲಸಕ್ಕೆ ಹೋಗುತ್ತಾನೆ. ಕರವಸ್ತ್ರವಾಗಲಿ, ಕೋವಿಡ್ ಕಾಲದಲ್ಲಿ ಎಲ್ಲರಿಗೂ ಪರಿಚಿತವಾದ ಎನ್-95 ಮುಖವಾಡವಾಗಲಿ ಧೂಳನ್ನು ತಡೆದೀತೇ ಹೊರತು ಆವಿಯನ್ನು ತಡೆಯದು. ಆವಿಗೆ ಇದ್ದಿಲ ಪುಡಿಯ ಡಬ್ಬಿಗಳನ್ನು ಜೋಡಿಸಿದ ಮುಖವಾಡವೇ ಬೇಕು. ಲೇಪದ ಖರ್ಚಿನ ಲೆಕ್ಕದಲ್ಲಿ ಅದನ್ನೂ ಒಂದು ಸಾಲಾಗಿ ಸೇರಿಸಿ ಕೊಡಿಸುವುದು ಮನೆಯೊಡೆಯರ ಹೊಣೆಯೆನ್ನಬೇಕು.

ಇವುಗಳ ನಡುವೆ, ಜನ ವಾಸವಾಗಿರುವ ಮನೆಗೆ ಹೆಚ್ಚು ಒಪ್ಪುವ ಬಗೆಯೆಂದರೆ ನೀರಿನಲ್ಲಿ ಕದಡಿದ, ಒಂದೇ ಡಬ್ಬದ ಪಿ.ಯು. ಇದರಲ್ಲಿ ಪಾಲಿಯುರೆಥೇನ್ ಮೊದಲೇ ತಯಾರಾಗಿ ಸೂಕ್ಷ್ಮ ಕಣಗಳಾಗಿ ತೇಲುತ್ತಿರುತ್ತದೆ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಥಿನ್ನರಿನ ಕಟುವಾಸನೆಯಿಲ್ಲ, ಬೆಂಕಿಯ ಭಯ ತೀರ ಕಡಿಮೆ, ಬ್ರಷ್ಷನ್ನು ನೀರಿನಲ್ಲೇ ತೊಳೆಯಬಹುದು. ಸ್ವಲ್ಪ ಪ್ರಮಾಣದ ಇತರ ದ್ರಾವಕಗಳು ಇದರಲ್ಲೂ ಇರುವುದರಿಂದ ಕಿಟಕಿ ಮುಚ್ಚಿಟ್ಟು ಮಲಗುವಂತಿಲ್ಲ, ನಿಜ. ಬೆಲೆ ಹೆಚ್ಚು, ಎಲ್ಲ ಕೆಲಸಗಾರರಿಗೂ ಇದರ ಹದ ತಿಳಿದಿಲ್ಲ. ಮೊದಲ ಕೋಟಿನ ನೀರಿಗೆ ಮರದ ನಾರು ಎದ್ದು ಮೇಲ್ಮೈ ತರಿತರಿಯಾಗುತ್ತದೆ. ಅದು ಒಣಗಿದ ಮೇಲೆ 220ನೆಯ ನಂಬರಿನ ಪಾಲಿಶ್ ಪೇಪರಿನಿಂದ ಹಗುರಾಗಿ ಉಜ್ಜಿ, ಒರೆಸಿ, ಮುಂದಿನ ಕೋಟು ಕೊಡಬೇಕು. ಒಟ್ಟು ಮೂರು ಕೋಟು ಬೇಕಾದೀತು. ನೆಲ ತೇಗದ್ದಾಗಿದ್ದರೆ ಇನ್ನೊಂದು ಎಚ್ಚರ: ತೇಗದೊಳಗೆ ಸಹಜವಾಗಿರುವ ಎಣ್ಣೆಯಂಶ ಕೆಲವು ಲೇಪಗಳು ಅಂಟದಂತೆಯೂ ಒಣಗದಂತೆಯೂ ತಡೆಯುತ್ತದೆ. ಆದ್ದರಿಂದ ಮೂಲೆಯ ಒಂದು ಹಲಗೆಯ ಮೇಲೆ ಬಳಿದು, ಎರಡು ದಿನ ಕಾದು, ಉಗುರಿನಿಂದ ಗೀರಿ ನೋಡಿದ ಮೇಲೆಯೇ ಇಡೀ ಕೋಣೆಗೆ ಕೈಹಾಕಬೇಕು.

ಮರದ ಸ್ಪರ್ಶವೇ ಮುಖ್ಯ, ಪೊರೆ ಬೇಡ ಎನ್ನುವವರಿಗೆ ಎಣ್ಣೆ ಮತ್ತು ಗಟ್ಟಿಮೇಣ ಕೂಡಿದ ಲೇಪವೂ ಉಂಟು. ಒಂದೆಡೆ ಗೀರು ಬಿದ್ದರೆ ಅಲ್ಲಿಗೆ ಮಾತ್ರ ಹಚ್ಚಿ ಸರಿಪಡಿಸಬಹುದೆಂಬುದು ಇದರ ದೊಡ್ಡ ಅನುಕೂಲ, ಪಿ.ಯು. ಪೊರೆಯಲ್ಲಿ ಹಾಗೆ ತೇಪೆ ಹಾಕಲಾಗದು. ಆದರೆ ಒಂದೆರಡು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕಾಗುತ್ತದೆ, ಎಣ್ಣೆಬಟ್ಟೆಯ ಅಪಾಯ ಇದಕ್ಕೂ ತಪ್ಪಿದ್ದಲ್ಲ.

ಹೊಳಪಿನ ವಿಷಯ. ಕನ್ನಡಿಯಂತೆ ಮಿನುಗುವ ನೆಲ ಮೊದಲ ತಿಂಗಳು ಕಣ್ಣಿಗೆ ಹಬ್ಬ. ಅನಂತರ ಪ್ರತಿಯೊಂದು ಗೀರನ್ನೂ ಅದು ಸಾರಿ ಹೇಳುತ್ತದೆ. ಮಂದ ಹೊಳಪಿನ ಮ್ಯಾಟ್ ಲೇಪ ಗೀರುಗಳನ್ನು ಮರೆಮಾಡುತ್ತದೆ. ಜಾರುವ ಭಯ ಇದಕ್ಕಿಂತ ಮುಖ್ಯ. ವಯಸ್ಸಾದವರ ಸೊಂಟದ ಮೂಳೆ ಮುರಿತಕ್ಕೆ ಮನೆಯೊಳಗಿನ ಬೀಳುವಿಕೆಯೇ ಹೆಚ್ಚಾಗಿ ಕಾರಣ. ಲೇಪದ ಮೇಲೆ ಮತ್ತೆ ಮೇಣ ತಿಕ್ಕಿಸುವ ಚಪಲ, ಕಾಲುಚೀಲ ತೊಟ್ಟು ಓಡಾಡುವ ಅಭ್ಯಾಸ, ಚೆಲ್ಲಿದ ಟಾಲ್ಕಂ ಪುಡಿ ಇವೆಲ್ಲ ಕೂಡಿದರೆ ಎಂಥ ಒಳ್ಳೆಯ ಲೇಪವೂ ಅಜ್ಜಿಯ ಪಾಲಿಗೆ ಶತ್ರು.

ಕೆಲಸಕ್ಕೆ ಯಾವ ಕಾಲ ಒಳ್ಳೆಯದು? ಪುಣೆಯಲ್ಲಿ ಗಣಪತಿ ಬರುವ ಮುನ್ನ ಮನೆಯನ್ನು ಸಿಂಗರಿಸುವ ಉತ್ಸಾಹ ಎಲ್ಲರಿಗೂ. ದುರದೃಷ್ಟವಶಾತ್ ನೆಲಕ್ಕೆ ಲೇಪ ಕೊಡಲು ವರ್ಷದಲ್ಲಿ ಅತಿ ಕೆಟ್ಟ ಕಾಲವೂ ಅದೇ. ಹಲಗೆ ತೇವ ಕುಡಿದು ಉಬ್ಬಿರುತ್ತದೆ, ಲೇಪ ಒಣಗಲು ಎರಡರಷ್ಟು ಹೊತ್ತು ಹಿಡಿಯುತ್ತದೆ, ಅರಗು ಮತ್ತು ಲ್ಯಾಕರುಗಳ ಮೇಲೆ ಬಿಳಿಯ ಮಸುಕು ಕವಿಯುತ್ತದೆ, ಮಳೆಯ ನೆವದಿಂದ ಕಿಟಕಿಗಳೂ ಮುಚ್ಚಿರುತ್ತವೆ. ಏಪ್ರಿಲ್-ಮೇ ತಿಂಗಳ ಒಣಬಿಸಿಲಿನಲ್ಲಾದರೆ ನೀರಿನ ಲೇಪ ಬ್ರಷ್ಷು ಎಳೆಯುವಷ್ಟರಲ್ಲೇ ಒಣಗಿ ಗೆರೆಗೆರೆಯಾಗುತ್ತದೆ. ದೀಪಾವಳಿ ಮುಗಿದ ಮೇಲೆ, ನವೆಂಬರಿನಿಂದ ಫೆಬ್ರವರಿವರೆಗಿನ ಅವಧಿ ಎಲ್ಲ ವಿಧದಲ್ಲೂ ಅನುಕೂಲ. ಡಿಸೆಂಬರಿನ ಕೊರೆಯುವ ಬೆಳಗಿನಲ್ಲಿ ಮಾತ್ರ ಬಿಸಿಲೇರುವವರೆಗೆ ಕಾಯಬೇಕು.

ಕೆಲಸ ಆರಂಭವಾಗುವುದು ಉಜ್ಜುವುದರಿಂದ. ಮರದ ಧೂಳನ್ನು ಕ್ಯಾನ್ಸರ್‌ಕಾರಕವೆಂದು ಅದೇ ಅಂತರರಾಷ್ಟ್ರೀಯ ಸಂಸ್ಥೆ 1995ರಲ್ಲೇ ಹೆಸರಿಸಿದೆ. ತೇಗದ ಧೂಳು ಕೆಲವರಿಗೆ ಚರ್ಮದ ತುರಿಕೆಯನ್ನೂ ತರುತ್ತದೆ. ಧೂಳು ಹೀರುವ ಚೀಲವಿರುವ ಯಂತ್ರವನ್ನೇ ತರಿಸಬೇಕು, ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಬೇಕು. ಹಳೆಯ ವಾಡೆಯ ಅಥವಾ ಊರಿನ ಮನೆಯ ಹಲಗೆಗೆ ಬಣ್ಣ ಹೊಡೆದಿದ್ದರೆ ಅದರಲ್ಲಿ ಸೀಸವಿರುವ ಸಂಭವವುಂಟು. ಗೃಹಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಬಾರದೆಂಬ ನಿಯಮವನ್ನು ಭಾರತ ಸರ್ಕಾರ ಮಾಡಿದ್ದು 2016ರಲ್ಲಿ, ಅದು ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸಬಾರದು. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಮರಳಿ ಸರಿಹೋಗುವಂಥದಲ್ಲ. ಬಣ್ಣ ಕೀಳುವ ರಿಮೂವರ್ ದ್ರವದ ಡಬ್ಬವನ್ನೂ ಓದಿ ಕೊಳ್ಳಬೇಕು. ಅದರಲ್ಲಿ ಡೈಕ್ಲೋರೋಮೀಥೇನ್ ಇದ್ದರೆ ಅದರ ಆವಿ ದೇಹದೊಳಗೆ ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡುತ್ತದೆ. ಮುಚ್ಚಿದ ಕೋಣೆಯಲ್ಲಿ ಪ್ರಾಣಾಪಾಯವಾಗಬಹುದು. ಅಮೆರಿಕದಲ್ಲಿ 2019ರಲ್ಲಿ ಇಂಥ ರಿಮೂವರುಗಳನ್ನು ಸಾಮಾನ್ಯ ಗ್ರಾಹಕರಿಗೆ ಮಾರುವುದನ್ನು ನಿಷೇಧಿಸಿದರು.

ಥಿನ್ನರ್ ಬೆರೆತ ಲೇಪವನ್ನೇ ಬಳಸಬೇಕಾಗಿ ಬಂದರೆ ಒಂದು ಸಂಗತಿ ನೆನಪಿರಲಿ. ಆ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಕಿಟಕಿಯಿಂದ ಹೊರಹೋಗುವುದಿಲ್ಲ. ನೆಲದ ಮೇಲೆ ನೀರಿನಂತೆ ಹರಿದು ಪಕ್ಕದ ಕೋಣೆಗೆ ನುಸುಳುತ್ತದೆ. ಅಲ್ಲಿ ದೇವರ ಮುಂದಿನ ನಂದಾದೀಪ ಉರಿಯುತ್ತಿರಬಹುದು, ಬಚ್ಚಲಲ್ಲಿ ಗ್ಯಾಸ್ ಗೀಸರ್ ಇರಬಹುದು, ಅಡುಗೆಮನೆಯಲ್ಲಿ ಒಲೆ ಹೊತ್ತಿರಬಹುದು. ಲೇಪದ ದಿನ ಇವೆಲ್ಲವೂ ಆರಿರಬೇಕು. ಕಿಡಿ ಹಾರಿಸುವ ಸ್ವಿಚ್ಚುಗಳನ್ನೂ ಪದೇ ಪದೇ ಒತ್ತಬಾರದು. ಬಾಲ್ಕನಿಯ ಬಾಗಿಲನ್ನು ನೆಲದವರೆಗೆ ತೆರೆದಿಟ್ಟು, ಹೊರಗಿನ ಕಡೆಗೆ ಆವಿ ಸಾಗುವಂತೆ ಗಾಳಿಯಾಡಿಸಬೇಕು. ಮಗುವೊಂದು ದೊಡ್ಡವರಿಗಿಂತ ನೆಲಕ್ಕೆ ಹತ್ತಿರ, ತನ್ನ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತದೆ. ನಿಂತ ತಾಯಿಗೆ ವಾಸನೆ ಬಾರದಿದ್ದ ಮಾತ್ರಕ್ಕೆ ಮಲಗಿದ ಮಗುವಿಗೆ ಕ್ಷೇಮವೆಂದು ತಿಳಿಯಲಾಗದು.

ಕೈಗೆ ಅಂಟದಷ್ಟು ಒಣಗುವುದಕ್ಕೂ ಪೂರ್ತಿ ಗಟ್ಟಿಯಾಗುವುದಕ್ಕೂ ಬಹಳ ಅಂತರವಿದೆ. ನೀರಿನ ಪಿ.ಯು. ಕೆಲವೇ ಗಂಟೆಗಳಲ್ಲಿ ಒಣಗಿದಂತೆ ಕಂಡರೂ ಗಟ್ಟಿಯಾಗಲು ಒಂದು ವಾರ ಬೇಕು. ಎಣ್ಣೆಯ ಮೂಲದ ವಾರ್ನಿಷ್ ತಿಂಗಳನ್ನೇ ತೆಗೆದುಕೊಂಡೀತು. ಕೊನೆಯ ಕೋಟಿನ ಅನಂತರ ಮೂರು ನಾಲ್ಕು ರಾತ್ರಿಯಾದರೂ ಮಕ್ಕಳು, ಗರ್ಭಿಣಿಯರು, ಉಬ್ಬಸದವರು ಬೇರೆಡೆ ಮಲಗುವುದು ವಿಹಿತ. ನಾತಾಳದ ರಜೆಯಲ್ಲಿ ಮಕ್ಕಳನ್ನು ಊರಿಗೆ ಕಳುಹಿಸುವ ಮನೆಗಳಲ್ಲಿ ಆ ವಾರವನ್ನೇ ಇದಕ್ಕೆ ಗೊತ್ತುಮಾಡಿಕೊಳ್ಳಬಹುದು. ರತ್ನಗಂಬಳಿ, ಚಾಪೆಗಳನ್ನು ಎರಡು ವಾರದ ತನಕ ಹಾಸಬಾರದು. ಹಾಸಿದರೆ ಕೆಳಗೆ ಆವಿ ಸಿಕ್ಕಿಕೊಂಡು ಲೇಪ ಮೆತ್ತಗೇ ಉಳಿಯುತ್ತದೆ.

ಆಮೇಲಿನ ಆರೈಕೆ ಸುಲಭ. ಬಕೆಟ್ಟಿನ ನೀರು ಸುರಿದು ಒರೆಸುವ ನಿತ್ಯದ ಪದ್ಧತಿ ಟೈಲ್ಸಿಗೆ ಸರಿ, ಮರಕ್ಕಲ್ಲ. ಚೆನ್ನಾಗಿ ಹಿಂಡಿದ ಬಟ್ಟೆ ಸಾಕು, ಫಿನಾಯಿಲ್ ಬೇಡ. ಕೆಲಸದವರಿಗೆ ಇದನ್ನು ಮೊದಲ ದಿನವೇ ತಿಳಿಸಿ ಹೇಳಬೇಕು. ಅಂಗಡಿಯ ರಂಗೋಲಿ ಪುಡಿ ಕಲ್ಲಿನ ಪುಡಿ. ಕಾಲಿಗೆ ಹತ್ತಿ ಒಳಬಂದರೆ ಉಪ್ಪುಕಾಗದದಂತೆ ನೆಲವನ್ನು ತಿಕ್ಕುತ್ತದೆ, ಆದ್ದರಿಂದ ಹೊಸ್ತಿಲ ಒಳಗಿನ ರಂಗೋಲಿಗೆ ಅಕ್ಕಿಹಿಟ್ಟೇ ಮೇಲು. ಹಣತೆಯನ್ನು ತಟ್ಟೆಯಲ್ಲಿಟ್ಟು ಇಡಬೇಕು. ವರ್ಷಕ್ಕೊಮ್ಮೆ, ಹೆಚ್ಚು ಓಡಾಟವಿರುವ ಕಡೆ ಒಂದು ಹನಿ ನೀರು ಬಿಟ್ಟು ಹತ್ತು ನಿಮಿಷ ನೋಡಬೇಕು. ಹನಿ ಗುಂಡಗೆ ನಿಂತಿದ್ದರೆ ಲೇಪ ಗಟ್ಟಿಯಾಗಿದೆ. ಹರಡಿ ಹಲಗೆ ಕಪ್ಪಾಗತೊಡಗಿದರೆ ಸವೆದಿದೆ. ಬರಿಮರ ಕಾಣಿಸುವ ಮುನ್ನವೇ ಹಗುರಾಗಿ ಉಜ್ಜಿ ಅದೇ ಲೇಪದ ಒಂದು ಕೋಟು ಕೊಟ್ಟರೆ ಯಂತ್ರವನ್ನೂ ಅದರ ಧೂಳನ್ನೂ ಮನೆಗೆ ತರಬೇಕಾಗಿಲ್ಲ. ನಡುವೆ ಯಾರಾದರೂ ಮೇಣ ತಿಕ್ಕಿದ್ದರೆ ಮಾತ್ರ ಈ ಸುಲಭದ ದಾರಿ ಮುಚ್ಚಿದಂತೆಯೇ: ಮೇಣದ ಮೇಲೆ ಹೊಸ ಲೇಪ ಅಂಟದು.